ಮೆರವಣಿಗೆಯಲ್ಲಿ ಬಂದವರಿಗೆ ಮಾತ್ರ

ಇಂಡಿಗೂ ಸಿಂದಗಿಗೂ ನಡುವಿನ ಜೋಳದಹಾಳ ಪಟ್ಟಣದಲ್ಲಿ ಮೆರವಣಿಗೆ ಸಮಿತಿ ಇರುವುದು ಒಂದೇ. ಗಣಪತಿ ಕಳಿಸುವುದೂ ಅದೇ, ಜಯಂತಿಗಳನ್ನು ನಡೆಸುವುದೂ ಅದೇ, ಸುಟ್ಟ ಟ್ರಾನ್ಸ್‌ಫಾರ್ಮರ್ ರಿಪೇರಿಯಾಗಿ ಬಿಜಾಪುರದಿಂದ ಬಂದರೆ ಹಾರ ಹಾಕಿ ಊರೆಲ್ಲ ತಿರುಗಿಸುವುದೂ ಅದೇ. ಆದ್ದರಿಂದ ಎರಡು ಸಾವಿರದ ಒಂಬತ್ತನೆಯ ಇಸವಿಯ ಡಿಸೆಂಬರಿನಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂದು, ದೊಡ್ಡ ಶಹರಗಳಲ್ಲಿ ಮಂಗಳಮುಖಿಯರು 'ಪ್ರೈಡ್' ಎಂದು ನಡೆಸುವ ಹಬ್ಬವನ್ನು ಪ್ರಾಯೋಗಿಕವಾಗಿ ಇಲ್ಲಿಯೂ ಆಚರಿಸತಕ್ಕದ್ದು ಎಂದಾಗ, ಸಮಿತಿ ಅಧ್ಯಕ್ಷ ಬಸಂತರಾಯರು ಅದನ್ನು ಪೂರ್ತಿ ಓದಲಿಲ್ಲ. 'ಮೆರವಣಿಗೆ' ಎಂಬ ಶಬ್ದ ಸಿಕ್ಕ ಕೂಡಲೇ ಕನ್ನಡಕ ತೆಗೆದಿಟ್ಟರು.

"ಇದರಾಗ ಓದೂದೇನೈತಿ? ಟ್ರ್ಯಾಕ್ಟರ್ ಹೇಳ್ರಿ" ಎಂದರು.

ಸುತ್ತೋಲೆಯ ಜೊತೆ ಆರು ಬಣ್ಣದ ಬಾವುಟದ ಮಾದರಿಯೂ ಬಂದಿತ್ತು. ಫ್ಯಾಕ್ಸಿನಲ್ಲಿ ಬಂದದ್ದರಿಂದ ಅದು ಕಪ್ಪು, ಬೂದಿ, ತಿಳಿಬೂದಿ ಹೀಗೆ ಆರು ಪಟ್ಟೆಯಾಗಿತ್ತು. ದರ್ಜಿ ಮಾದರಿಗೆ ಒಂದು ಎಳೆ ತಪ್ಪದಂತೆ ಹೊಲಿದ. ಬಸ್‌ಸ್ಟ್ಯಾಂಡಿನ ಮುಂದೆ ಅದನ್ನು ಏರಿಸಿದಾಗ, ಯಾರೋ ದೊಡ್ಡವರು ಹೋಗಿರಬೇಕೆಂದು ಇಬ್ಬರು ಅಂಗಡಿಯವರು ಶಟರ್ ಅರ್ಧ ಎಳೆದರು.

ಹಿಂದಿನ ದಿನ ಆಟೋದಲ್ಲಿ ಮೈಕು ಕಟ್ಟಿ ಊರಿಗೆ ಸಾರಲಾಗಿತ್ತು: "ಸಮಸ್ತ ನಾಗರಿಕ ಬಾಂಧವರಲ್ಲಿ ವಿನಂತಿ. ನಾಳೆ ಸೋಮವಾರ ನಮ್ಮ ಪಟ್ಟಣದಲ್ಲಿ ಹೆಮ್ಮೆ ಉತ್ಸವ ಇರುವುದರಿಂದ ಎಲ್ಲರೂ ಕಡ್ಡಾಯವಾಗಿ ಹೆಮ್ಮೆಪಡಬೇಕು. ಹೆಮ್ಮೆಪಡಲು ಅನಾನುಕೂಲ ಇರುವವರು ಮುಂಚಿತವಾಗಿ ಲಿಖಿತದಲ್ಲಿ ತಿಳಿಸಬೇಕು. ನಳದ ನೀರು ನಾಳೆ ಬರುವುದಿಲ್ಲ."

ಈ ಉತ್ಸವಕ್ಕೆ ಅಗರಖೇಡದಿಂದ ಮುಂಜಾನೆಯ ಮೊದಲ ಬಸ್ಸಿಗೆ ಬಂದಿಳಿದವಳು ಕೋಮಲ. ಮೂವತ್ತೆರಡು ವಯಸ್ಸು, ಮೈಮೇಲೆ ಇದ್ದುದರಲ್ಲಿ ಚಲೋದಾದ ಇಳಕಲ್ ಸೀರೆ, ಬ್ಯಾಗಿನಲ್ಲಿ ನಾಲ್ಕು ಫೋಟೋ, ತಾಯಿ ಯಲ್ಲವ್ವನ ಹಳೆಯ ರೇಷನ್ ಕಾರ್ಡು. ಆ ಕಾರ್ಡಿನಲ್ಲಿ ಯಲ್ಲವ್ವನ ಕೆಳಗೆ 'ಮಗ ಪರಶು' ಎಂದಿತ್ತು. ಪರಶು ಎಂದರೆ ಕೋಮಲಳೇ. ಹತ್ತು ವರ್ಷದ ಹಿಂದೆ ಆ ಹೆಸರನ್ನು ಬಿಟ್ಟು ಹೆಣ್ಣಾಗಿ ಬಾಳತೊಡಗಿದ್ದಳು. ಊರು ಒಂದು ವರ್ಷ ನಕ್ಕು, ಎರಡು ವರ್ಷ ಬೈದು, ಆಮೇಲೆ ಬೇರೆ ಕೆಲಸ ನೋಡಿಕೊಂಡಿತ್ತು. ಸುಮ್ಮನಾಗದೆ ಉಳಿದದ್ದು ರೇಷನ್ ಅಂಗಡಿ ಒಂದೇ. ಹೋದ ಬೇಸಿಗೆಯಲ್ಲಿ ಎಲ್ಲರೂ ಖುದ್ದು ಹಾಜರಾಗಬೇಕೆಂಬ ನಿಯಮ ಬಂತು. ಯಲ್ಲವ್ವ ಕೋಮಲಳನ್ನು ಕರೆದುಕೊಂಡು ಹೋದಳು.

"ಪರಶು ಎಲ್ಲಿ?" ಎಂದ ಅಂಗಡಿಯವ.

"ಇಕಿನ ಪರಶು" ಎಂದಳು ಯಲ್ಲವ್ವ.

"ಇಕಿ ಬ್ಯಾಡಬೇ, ಅಂವಾ ಬೇಕು."

ಅಂವಾ ಬರುವತನಕ ಅಕ್ಕಿ ಇಲ್ಲ, ಎಣ್ಣೆ ಇಲ್ಲ. ಏಳು ತಿಂಗಳಾಯಿತು. ಅಂವಾ ಬರುವ ಲಕ್ಷಣ ಕಾಣಲಿಲ್ಲ.

ಅಂಥದ್ದರಲ್ಲಿ ಹೆಮ್ಮೆ ಉತ್ಸವದ ಕರಪತ್ರ ಕೋಮಲಳ ಕೈಗೆ ಸಿಕ್ಕಿತು. ಹೈಸ್ಕೂಲ್ ಮೈದಾನದಲ್ಲಿ ಅದೊಂದೇ ದಿನ, ಸಂಜೆ ಐದರತನಕ, ಮಂಗಳಮುಖಿಯರಿಗೆ ತಾವು ಹೇಳಿದ ಹೆಸರಿನಲ್ಲಿ ಹೊಸ ರೇಷನ್ ಕಾರ್ಡಿಗೆ ಅರ್ಜಿ ತೆಗೆದುಕೊಳ್ಳಲಾಗುವುದು ಎಂದು ಅದರಲ್ಲಿತ್ತು. ಕೆಳಗೆ, ಮಾತ್ರೆ ಡಬ್ಬಿಯ ಮೇಲಿರುವಷ್ಟು ಸಣ್ಣ ಅಕ್ಷರದಲ್ಲಿ, 'ಮೆರವಣಿಗೆಯಲ್ಲಿ ಬಂದವರಿಗೆ ಮಾತ್ರ' ಎಂದಿತ್ತು. ಕೋಮಲಳಿಗೆ ಅದೂ ಖುಷಿಯೇ ಆಯಿತು. ಅಂಗಡಿ ಮುಂದೆ ಚಪ್ಪಾಳೆ ಹೊಡೆಯದೆ, ಯಾರ ಮುಂದೂ ಕೈ ಚಾಚದೆ, ಹಾಡುಹಗಲಲ್ಲಿ ಬಜಾರಿನ ನಡುವೆ ಸುಮ್ಮನೆ ನಡೆದು ಹೋಗುವುದು ಹೇಗಿರುತ್ತದೆಂದು ಆಕೆಗೂ ನೋಡಬೇಕಿತ್ತು. ನಡೆದು ಹೋಗಿ 'ತಾಯಿ ಯಲ್ಲವ್ವ, ಮಗಳು ಕೋಮಲ' ಎಂದು ಬರೆಸಿಕೊಂಡು ಬಂದರೆ ಮುಗಿಯಿತು.

ಬಸ್‌ಸ್ಟ್ಯಾಂಡಿನಲ್ಲಿ ಆಕೆಗಿಂತ ಮೊದಲೇ ಸಗೀರಾ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಸಗೀರಾ ಝಳಕಿಯವಳು, ಇವರಲ್ಲೆಲ್ಲ ಹಿರಿಯಳು, ಕೋಮಲಳಿಗೆ ತಾಯಿಯ ಹಾಗಿದ್ದವಳು. ಬಾವುಟ ನೋಡಿ, "ಯಾರ ಮಯ್ಯತ್ತಿಗೆ, ಯಾರ ಮಣ್ಣಿಗೆ ಕರದಾರ ಬೇಟಿ ನಮ್ಮನ್ನ?" ಎಂದಳು. ಇಡೀ ಉತ್ಸವಕ್ಕೆ ಬಂದ ಮಂಗಳಮುಖಿಯರು ಇವರಿಬ್ಬರೇ. ಎದುರುಗೊಳ್ಳಲು ನಿಂತ ಸಮಿತಿಯವರು ಅರವತ್ತು ಮಂದಿ.

ಕೋಮಲ ಸೆರಗು ಸರಿಮಾಡಿಕೊಂಡು ನಡೆಯಲು ಸುರುಮಾಡಿದಳು. ಮೂರು ಹೆಜ್ಜೆ ಹಾಕುವಷ್ಟರಲ್ಲಿ ಬಸಂತರಾಯರು ಎರಡೂ ಕೈ ಅಡ್ಡ ಚಾಚಿದರು.

"ತಾಯಿ, ಏನ್ ಅನಾಹುತ ಮಾಡ್ತೀರಿ? ಕಾಲು ನೆಲಕ್ಕ ಹಚ್ಚಬ್ಯಾಡ್ರಿ!"

"ಮೆರವಣಿಗಿ ಅಂದ್ರ ನಡಿಬೇಕಲ್ರಿ?"

"ನಡ್ಯಾವ್ರು ನಾವ್ರಿ. ನೀವು ಮೆರಿಯಾವ್ರು. ಇಪ್ಪತ್ತೆರಡು ವರ್ಷ ಆತ್ರಿ ನಾ ಅಧ್ಯಕ್ಷ ಆಗಿ. ಗಣಪತಿ ನಡದಿಲ್ಲ, ಟ್ರಾನ್ಸ್‌ಫಾರ್ಮರ್ ನಡದಿಲ್ಲ, ನೀವು ಹ್ಯಾಂಗ ನಡೀತೀರಿ?"

ಇಬ್ಬರನ್ನೂ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ, ಮದುವೆಗೆ ಬಾಡಿಗೆ ಕೊಡುವ ಕೆಂಪು ಕುರ್ಚಿಗಳಲ್ಲಿ ಕೂಡಿಸಿ ಹಾರ ಹಾಕಿದರು. ಡ್ರೈವರ್ ಶಮಶುದ್ದೀನ ಗಾಡಿ ಚಾಲೂ ಮಾಡಿದ. ಮೈದಾನ ಅಲ್ಲಿಂದ ಒಂದು ಕಿಲೋಮೀಟರು, ಇನ್ನೂರು ಮೀಟರು. ಆಗ ಒಂಬತ್ತೂವರೆ.

ಮೆರವಣಿಗೆ ಸಮಿತಿಯ ನಿಯಮಗಳು ಕಠಿಣವಾಗಿವೆ. ಯಾರ ಬಾಗಿಲಲ್ಲಿ ಆರತಿ ತಟ್ಟೆ ಕಂಡರೂ ಗಾಡಿ ನಿಲ್ಲಬೇಕು. ಒಂದು ಬಾಗಿಲನ್ನು ಬಿಟ್ಟು ಇನ್ನೊಂದು ಬಾಗಿಲಿಗೆ ನಿಲ್ಲುವಂತಿಲ್ಲ. ನಿಂತರೆ ಮುಂದಿನ ಚುನಾವಣೆಯತನಕ ಜಗಳ. ಗಾಡಿ ಹಿಂದಕ್ಕೆ ಹೋಗುವಂತಿಲ್ಲ. ತಲುಪದೆ ಯಾರೂ ಇಳಿಯುವಂತಿಲ್ಲ.

ಮೊದಲು ನಿಂತದ್ದು ಪಟ್ಟಣ ಪಂಚಾಯತಿಯ ಕೊಳವೆಬಾವಿಯ ಹತ್ತಿರ. ಬಸಂತರಾಯರು, "ಹೆಂಗೂ ಬಂದೀರಿ, ನಿಮ್ಮ ಕೈಗುಣ ದೊಡ್ಡದು, ಸ್ವಲ್ಪ ಕೈ ಹಚ್ರಿ, ಮುಂಜಾನಿಂದ ಹನಿ ನೀರು ಬಿಟ್ಟಿಲ್ಲ" ಎಂದರು. ಕೋಮಲ ಟ್ರೇಲರಿನಿಂದಲೇ ಬಾಗಿ ಪೈಪು ಮುಟ್ಟಿದಳು. ಅಷ್ಟರಲ್ಲಿ ಹತ್ತು ಗಂಟೆಯಾಗಿ ಕರೆಂಟು ಬಂತು. ಅಲ್ಲಿ ದಿನಾ ಹತ್ತಕ್ಕೇ ಕರೆಂಟು ಬರುತ್ತದೆ, ಅದು ಎಲ್ಲರಿಗೂ ಗೊತ್ತು, ಗೋಡೆಯ ಮೇಲೆ ವೇಳಾಪಟ್ಟಿಯನ್ನೂ ಅಂಟಿಸಿದ್ದಾರೆ. ಪಂಪು ಎರಡು ಸಲ ಕೆಮ್ಮಿ ನೀರು ಉಗುಳಿತು. ವೇಳಾಪಟ್ಟಿಯ ಕೆಳಗೇ ನಿಂತಿದ್ದ ಜನ ಉದ್ದಕ್ಕೆ ಅಡ್ಡಬಿದ್ದರು.

ಆಮೇಲೆ ಬಜಾರಿನ ಪ್ರತಿಯೊಂದು ಬಾಗಿಲಿನಲ್ಲೂ ಆರತಿ ತಟ್ಟೆ ಕಂಡಿತು. ಹಿಂದಿನ ವಾರ ಇದೇ ಬಾಗಿಲುಗಳಿಂದ ಕೋಮಲಳಿಗೆ ಹೋಗ್ ಹೋಗ್ ಅಂದಿದ್ದರು.

ಪಂಚಾಯತಿಯ ಕಿರಿಯ ಎಂಜಿನಿಯರ್ ಅಮಿತ ಅಳತೆ ಪುಸ್ತಕ ತೆರೆದ. ಸರ್ಕಾರಿ ಆಸ್ತಿಯ ಮೇಲೆ ಆಶೀರ್ವಾದ ಆಗಿದ್ದರೆ ಅದನ್ನು ಅಳತೆಗೆ ತರಬೇಕು ಎಂಬುದು ಆತನ ಅಭಿಪ್ರಾಯ.

"ಕೊಳವೆಬಾವಿ. ಬಲಗೈ ಒಂದು, ಎಡಗೈ ಒಂದು, ಅವಧಿ ಹನ್ನೆರಡು ಸೆಕೆಂಡು" ಎಂದು ಬರೆದ.

"ಎಡಗೈ ತಗೀರಿ" ಎಂದರು ಬಸಂತರಾಯರು. "ಆಡಿಟ್‌ನ್ಯಾಗ ಆಕ್ಷೇಪಣಿ ಬರ್ತೈತಿ."

ಎಡಗೈ ಹೊಡೆದುಹಾಕಿ, ಆಶೀರ್ವಾದ ಮಾಡಿದವರ ಸಹಿ ಬೇಕೆಂದು ಪುಸ್ತಕ ಚಾಚಿದ. ಕೋಮಲ 'ಕೋಮಲ' ಎಂದು ಸಹಿ ಮಾಡಿದಳು. ಪರಶು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆಕೆಗೆ ಒಂದು ಕ್ಷಣ ಹಗುರವೆನಿಸಿತು. ಸಗೀರಾ ಮಾತ್ರ ಮಾರಿ ಗಂಟುಹಾಕಿದ್ದಳು.

"ಬೈದ್ರ ಎದ್ದು ಹೋಗಬಹುದು ಬೇಟಿ. ಕಾಲು ಹಿಡಕೊಂಡ್ರ ಹ್ಯಾಂಗ ಹೋಗ್ತಿ?"

ತೊಗರಿ ವ್ಯಾಪಾರಿ ಸೋಮನಿಂಗನ ಗೋದಾಮಿನ ಮುಂದೆ ನಿಂತಾಗ ಹನ್ನೊಂದೂವರೆ. ಸೋಮನಿಂಗ ಕೀಲಿಕೈ ಗೊಂಚಲನ್ನು ಆಕೆಯ ಪಾದದ ಹತ್ತಿರ ಇಟ್ಟ. "ತೊಗರಿ ರೇಟು ಏರ್ಲಿ ಅನ್ರಿ ತಾಯಿ." ಏರಲಿ ಎಂದಳು. ಪಕ್ಕದ ಖಾನಾವಳಿಯವ ಓಡಿಬಂದು, "ಬ್ಯಾಳಿ ರೇಟು ಇಳೀಲಿ ಅನ್ರಿ" ಎಂದ. ಇಳಿಯಲಿ ಎಂದಳು. ಎರಡನ್ನೂ ಅಳತೆ ಪುಸ್ತಕದಲ್ಲಿ ಎದುರುಬದುರು ಬರೆದು ಸಹಿ ತೆಗೆದುಕೊಳ್ಳಲಾಯಿತು.

ಕೋಮಲಳ ಗಂಟಲು ಒಣಗಿತ್ತು. "ಅಣ್ಣಾ, ಒಳಗ ಬಂದು ಕುಂತು ಒಂದ್ ಚಾ ಕುಡೀತೇನಿ" ಎಂದಳು ಖಾನಾವಳಿಯವನಿಗೆ.

ಆತ ಹೌಹಾರಿದ. "ಛೆ ಛೆ! ನಿಮ್ಮಂಥಾ ದೊಡ್ಡವರನ್ನ ಆ ಹೊಲಸು ಬಾಕಿನ ಮ್ಯಾಲ ಕುಂದ್ರಸಲ್ಯಾ? ನನ್ನ ಮಕ್ಕಳು ಮರಿ ಚಂದಂಗ ಇರೂದು ಬ್ಯಾಡಾ?" ಎಂದು ಚಾವನ್ನು ಟ್ರೇಲರಿಗೇ ಕಳಿಸಿದ. ಪ್ಲಾಸ್ಟಿಕ್ ಕಪ್ಪಿನಲ್ಲಿ. ಉಳಿದವರಿಗೆ ಕೊಟ್ಟದ್ದು ಗಾಜಿನ ಗ್ಲಾಸು.

ಮುಂದಿನ ಮನೆಯಲ್ಲಿ ಒಬ್ಬ ತಾಯಿ ಮೂರು ತಿಂಗಳ ಕೂಸನ್ನು ತಂದು ಕೋಮಲಳ ಉಡಿಯಲ್ಲಿ ಹಾಕಿದಳು. ಎಳೆಗೂಸು ಕೂಡಲೇ ಉಚ್ಚೆ ಹೊಯ್ದು ಇಳಕಲ್ ಸೀರೆಯನ್ನು ನೆನೆಸಿತು. ಇಡೀ ದಿನದಲ್ಲಿ ಏನೂ ಬೇಡದೆ ಆಕೆಯ ಮೈಮುಟ್ಟಿದ್ದು ಅದೊಂದೇ. "ನೀರು ಕೊಡ್ರಿ ಅಕ್ಕಾರ" ಎಂದರೆ ಅದರ ತಾಯಿ ತಂಬಿಗೆ ಎತ್ತಿ ಹಿಡಿದು ಬೊಗಸೆಗೆ ಹೊಯ್ದಳು. ತಂಬಿಗೆ ಕೈಗೆ ಕೊಡಲಿಲ್ಲ. ಕೂಸನ್ನು ಕೊಟ್ಟವಳಿಗೆ ತಂಬಿಗೆ ಕೊಡಲು ಯಾಕೆ ಹಿಂಜರಿಕೆಯೋ, ಅದು ಆಕೆಗೂ ಗೊತ್ತಿದ್ದಂತೆ ಕಾಣಲಿಲ್ಲ.

ಒಂದು ಗಂಟೆಗೆ ಮೆರವಣಿಗೆ ನಾನೂರು ಮೀಟರು ಬಂದಿತ್ತು. ಮೈದಾನದಲ್ಲಿ ಕಾರ್ಯಕ್ರಮ ವೇಳೆಗೆ ಸರಿಯಾಗಿ ನಡೆದಿರುವುದು ಮೈಕಿನಲ್ಲಿ ಕೇಳುತ್ತಿತ್ತು. ಮಂಗಳಮುಖಿಯರ ಕಷ್ಟಗಳ ಬಗ್ಗೆ ಮೂವರು ಮಾತಾಡಿದರು. ಒಬ್ಬರು ತಮ್ಮ ಮಾತಿನಲ್ಲಿ, ಈ ಜನರನ್ನು ಸಮಾಜದ ಮುಖ್ಯವಾಹಿನಿಗೆ ತರಬೇಕಾಗಿದೆ ಎಂದರು. ಮುಖ್ಯವಾಹಿನಿಗೆ ತರುವ ಟ್ರ್ಯಾಕ್ಟರ್ ಆ ಹೊತ್ತಿಗೆ ಗಿರಣಿಯ ಮುಂದೆ ನಿಂತಿತ್ತು. ಸನ್ಮಾನದ ಶಾಲನ್ನು ಕೋಮಲಳ ಪರವಾಗಿ ಬಸಂತರಾಯರ ಧರ್ಮಪತ್ನಿ ವಿಜಯಲಕ್ಷ್ಮಿಯವರು ಸ್ವೀಕರಿಸಿ, ಎಲ್ಲ ಮಂಗಳಮುಖಿಯರ ಪರವಾಗಿ ಭಾವುಕರಾದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಊಟಕ್ಕೆ ಎದ್ದರು.

ನಾಲ್ಕೂಕಾಲಿಗೆ ಮೈದಾನ ಇನ್ನೂ ಮುನ್ನೂರು ಮೀಟರು ದೂರವಿತ್ತು. ಐದಕ್ಕೆ ಮೇಜು ಎತ್ತುತ್ತಾರೆ. ಕೋಮಲ ಲೆಕ್ಕ ಹಾಕಿದಳು, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು, ಸಮಿತಿಯವರು ಮಾವಿನ ತೋರಣ ಸರಿಮಾಡುತ್ತಿದ್ದಾಗ ಟ್ರೇಲರಿನ ಹಿಂದಿನಿಂದ ಧುಮುಕಿ ಓಡಿದಳು. ಹಾರ ಕೊರಳಲ್ಲೇ ಇತ್ತು.

ಮೈದಾನದಲ್ಲಿ ಪೆಂಡಾಲಿನ ಕೆಳಗೆ ಗುಮಾಸ್ತೆ ವಿದ್ಯಾವತಿ ಒಬ್ಬಳೇ ಮೇಜಿನ ಮುಂದೆ ಕುಳಿತಿದ್ದಳು. ಕೆಟ್ಟ ಹೆಣ್ಣುಮಗಳಲ್ಲ. ಮುಂಜಾನೆಯಿಂದ ಒಂದೂ ಅರ್ಜಿ ಬಂದಿರಲಿಲ್ಲ. ಕೋಮಲಳನ್ನು ನೋಡಿ ಕುರ್ಚಿ ಕೊಟ್ಟಳು, ನೀರಿನ ಬಾಟಲಿಯನ್ನು ಕೈಗೇ ಕೊಟ್ಟಳು, ಹಳೆಯ ಕಾರ್ಡಿನ 'ಮಗ ಪರಶು' ಓದಿ ಬದಿಗಿಟ್ಟು ಫಾರ್ಮು ತೆಗೆದಳು. ಹೆಸರು, ಕೋಮಲ. ತಾಯಿಯ ಹೆಸರು, ಯಲ್ಲವ್ವ. ಎರಡನ್ನೂ ದುಂಡಗೆ ಬರೆದಳು. ಆಮೇಲೆ ತಲೆ ಎತ್ತಿದಳು.

"ಮೆರವಣಿಗಿ ಎಲ್ಲೈತ್ರಿ?"

"ಹಿಂದ ಐತ್ರಿ ಅಕ್ಕಾರ, ಗಿರಣಿ ದಾಟೇತಿ."

"ನೀವು ಮೆರವಣಿಗ್ಯಾಗ ಬಂದೀರಿಲ್ಲೋ?"

"ಹೌದ್ರಿ."

"ಹಂಗಾದ್ರ ನೀವೂ ಹಿಂದ ಅದೀರಿ."

ಕೋಮಲ ತನ್ನ ಕೈ ನೋಡಿಕೊಂಡಳು, ಕಾಲು ನೋಡಿಕೊಂಡಳು. "ನಾ ಇಲ್ಲೇ ಅದೇನಲ್ರಿ, ನಿಮ್ಮ ಮುಂದ!"

"ಅದು ನನಗ ಕಾಣತೈತ್ರಿ, ಕಣ್ಣು ಹೋಗಿಲ್ಲ. ಕಾಗದದ ಮ್ಯಾಲ ಏನ್ ಬರೀಲಿ? ಮೆರವಣಿಗ್ಯಾಗ ಬಂದವರಿಗೆ ಮಾತ್ರ ಅಂತೈತಿ. ಮೆರವಣಿಗಿ ಬಂದಿಲ್ಲ. ಬರದಿರೋ ಮೆರವಣಿಗ್ಯಾಗ ನೀವು ಹೆಂಗ ಬಂದ್ರಿ?"

"ನಾ ಕೋಮಲ ಅಂತ ಇವತ್ತ ನಲವತ್ತಮೂರು ಸಹಿ ಮಾಡೇನ್ರಿ, ಸರ್ಕಾರದ ಬುಕ್ಕಿನ್ಯಾಗ! ಅದಕ್ಕೇನೂ ಕಿಮ್ಮತ್ತಿಲ್ಲೇನು?"

"ಅದು ಕೊಳವೆಬಾವಿಗೆ ನಡೀತೈತ್ರಿ. ಅಕ್ಕಿಗೆ ನಡಿಯೂದಿಲ್ಲ." ವಿದ್ಯಾವತಿ ದನಿ ತಗ್ಗಿಸಿದಳು. "ಲಗೂ ಹೋಗ್ರಿ, ಹತ್ತಿ ಕುಂದ್ರಿ. ಐದರೊಳಗ ಬರ್ರಿ. ನಾ ಎಲ್ಲಿಗೂ ಹೋಗೂದಿಲ್ಲ."

ಕೋಮಲ ಬಂದ ದಾರಿಯಲ್ಲೇ ಓಡಿದಳು. ಟ್ರ್ಯಾಕ್ಟರಿನ ಸುತ್ತ ಸಮಿತಿಯವರು ಖಾಲಿ ಕುರ್ಚಿಗೆ ಆರತಿ ಎತ್ತುತ್ತಿದ್ದರು. ಆಕೆ ಹತ್ತಿ ಕುಳಿತದ್ದನ್ನು ನೋಡಿ ಯಾರಿಗೂ ವಿಶೇಷವೇನೂ ಅನ್ನಿಸಲಿಲ್ಲ.

ಐದು ಗಂಟೆಗೆ ಗಾಡಿ ಸಂತೆಕಟ್ಟೆಯ ಹತ್ತಿರವಿತ್ತು. ಇನ್ನು ಇನ್ನೂರು ಮೀಟರು. ಮುಂದೆ ಎಪ್ಪತ್ತು ಬಾಗಿಲು, ಎಪ್ಪತ್ತು ತಟ್ಟೆ. ಬಸಂತರಾಯರು ಅಲ್ಲೇ ನಿಂತು ಸಭೆ ನಡೆಸಿ ಠರಾವು ಪಾಸು ಮಾಡಿದರು. ಮೆರವಣಿಗೆ ತಲುಪದೆ ಉತ್ಸವ ಮುಗಿಯುವುದಿಲ್ಲ. ಉತ್ಸವ ಮುಗಿಯದೆ ದಿನ ಮುಗಿಯುವುದಿಲ್ಲ. ಆದ್ದರಿಂದ ಮೇಜೂ ಮುಗಿದಿಲ್ಲ. ಗಾಡಿ ಇದ್ದಲ್ಲೇ ಇರತಕ್ಕದ್ದು, ಮೆರೆಯುವವರು ಸಂಜೆ ಮನೆಗೆ ಹೋಗಿ ಮುಂಜಾನೆ ಒಂಬತ್ತಕ್ಕೆ ಬಂದು ಅಲ್ಲಿಂದಲೇ ಮುಂದುವರಿಯತಕ್ಕದ್ದು. ಹಾಜರಿ ಪುಸ್ತಕ ಇಡಲಾಯಿತು.

ಸಗೀರಾ ಕುರ್ಚಿಯಿಂದ ಎದ್ದು ಸೊಂಟ ಹಿಡಿದುಕೊಂಡಳು. "ನನಗ ಕಾರ್ಡೂ ಬ್ಯಾಡಾ, ಮೆರವಣಿಗೀನೂ ಬ್ಯಾಡಾ. ಝಳಕ್ಯಾಗ ಬೈಯೋರು ಅದಾರ, ಅಷ್ಟ ಸಾಕು ನನಗ" ಎಂದು ಬಸ್ಸು ಹತ್ತಿದಳು. ಸಮಿತಿ ಆಕೆಯ ಹೆಸರಿನ ಮುಂದೆ 'ದೀರ್ಘ ರಜೆ' ಎಂದು ಬರೆದುಕೊಂಡಿತು.

ಕೋಮಲ ಮರುದಿನ ಬಂದಳು. ಅದರ ಮರುದಿನವೂ ಬಂದಳು. ಒಂಬತ್ತರ ಬಸ್ಸಿಗೆ ಬಂದು ಸಹಿ ಮಾಡಿ ಕುರ್ಚಿ ಮೇಲೆ ಕೂಡುವುದು, ಐದೂವರೆ ಬಸ್ಸಿಗೆ ಹೋಗುವುದು. ಗಾಡಿ ಮುಂದೆ ಸರಿಯಲಿಲ್ಲ. ಯಾಕೆಂದರೆ ತಟ್ಟೆ ಹಿಡಿದವರು ಈಗ ಗಾಡಿ ತಮ್ಮಲ್ಲಿಗೆ ಬರುವುದನ್ನು ಕಾಯದೆ ತಾವೇ ಬರುತ್ತಿದ್ದರು. ಸಿಂದಗಿಯಿಂದ ಬಂದರು, ಮುದ್ದೇಬಿಹಾಳದಿಂದ ಬಂದರು, ಬಸವನ ಬಾಗೇವಾಡಿಯಿಂದ ಒಂದು ಹೊಸ ಜೀಪನ್ನು ಮುಟ್ಟಿಸಲು ತಂದರು. ವರ್ಗಾವಣೆ ಬೇಕಾದವರದ್ದು ಒಂದು ಸಾಲು, ವರ್ಗಾವಣೆ ಬೇಡವಾದವರದ್ದು ಇನ್ನೊಂದು. ಬಿಸಿಲಾಗುತ್ತದೆಂದು ಟ್ರೇಲರಿಗೆ ತಗಡು ಹೊದಿಸಿದರು. ತಗಡಿನ ಕೆಳಗೆ ಕರೆಂಟು ಬಂತು. ಕರೆಂಟಿನ ಹಿಂದೆ ಫ್ಯಾನು ಬಂತು. ಬಸ್ಸಿನ ಕಂಡಕ್ಟರ್ "ಮೆರವಣಿಗಿ, ಮೆರವಣಿಗಿ, ಇಳೀರಿ ಲಗೂ" ಎಂದು ಕೂಗತೊಡಗಿದ.

ಕೋಮಲ ದಿನಾಲೂ ಬಸಂತರಾಯರನ್ನು ಕೇಳುತ್ತಿದ್ದಳು: "ಮೈದಾನಕ್ಕ ಯಾವಾಗರೀ?"

"ಹೊಂಟೀವಲ್ರಿ ತಾಯಿ" ಎನ್ನುತ್ತಿದ್ದರು ಅವರು.

ವಿದ್ಯಾವತಿಯೂ ಮಾತಿಗೆ ತಪ್ಪಲಿಲ್ಲ. ಮೇಜು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುವಾಗ ಆ ಮೇಜಿಗೆ ಬಡಿದರೆ ನಾಲ್ಕು ರನ್ನು ಎಂದು ತೀರ್ಮಾನವಾಯಿತು. ಏಳನೆಯ ತಿಂಗಳಿಗೆ ಆಕೆಗೆ ಇನ್ನೊಂದು ನಿಯಮ ನೆನಪಾಯಿತು. ಅರ್ಜಿದಾರರು ಒಂದೇ ಜಾಗದಲ್ಲಿ ಆರು ತಿಂಗಳ ಮೇಲೆ ಕಂಡುಬಂದಲ್ಲಿ, ಸ್ಥಳಕ್ಕೇ ಹೋಗಿ ಪರಿಶೀಲಿಸಿ ಕಾರ್ಡು ಕೊಡಬಹುದು. ಫಾರ್ಮು ಹಿಡಿದುಕೊಂಡು ಇನ್ನೂರು ಮೀಟರು ನಡೆದು ಬಂದಳು. ಟ್ರೇಲರಿನ ಸುತ್ತ ಒಂದು ಸುತ್ತು ಹಾಕಿದಳು. ಫ್ಯಾನು ನೋಡಿದಳು, ಹಾಜರಿ ಪುಸ್ತಕ ನೋಡಿದಳು.

"ಹೆಸರು, ಕೋಮಲ" ಎಂದು ಓದುತ್ತಾ ಬರೆದಳು. "ವಿಳಾಸ, ಮೆರವಣಿಗೆ, ಸಂತೆಕಟ್ಟೆ ಹತ್ತಿರ, ಜೋಳದಹಾಳ."

ಕೋಮಲ ಬಗ್ಗಿ ನೋಡಿದಳು. ಹೆಸರು ಸರಿಯಾಗಿತ್ತು. ಕಣ್ಣು ತುಂಬಿ ಬಂತು. "ಅವ್ವನ ಹೆಸರು?"

"ಅವ್ವ ಅಗರಖೇಡದಾಗ ಅದಾರಲ್ರಿ. ಮೆರವಣಿಗ್ಯಾಗ ಇಲ್ಲದವರನ್ನ ಮೆರವಣಿಗಿ ಕಾರ್ಡಿನ್ಯಾಗ ಹ್ಯಾಂಗ ಹಾಕಲಿ?" ಎಂದಳು ವಿದ್ಯಾವತಿ. "ಇನ್ನೊಂದು ಮಾತ್ರಿ. ಮೆರವಣಿಗಿ ಮೈದಾನ ಮುಟ್ಟಿದ್ರ ಈ ವಿಳಾಸ ಇರೂದಿಲ್ಲ. ವಿಳಾಸ ಇರಲಿಲ್ಲ ಅಂದ್ರ ಕಾರ್ಡು ರದ್ದು. ಮತ್ತ ಮೊದಲಿಂದ ಅರ್ಜಿ ಹಾಕಬೇಕು, ಆಗ ಅಂಗಡ್ಯಾವ್ರು ಪರಶು ಎಲ್ಲಿ ಅಂತ ಕೇಳ್ತಾರ."

ಎರಡು ದಿನದ ಮೇಲೆ ಯಲ್ಲವ್ವ ಒಂದು ಕೌದಿ, ಒಂದು ಒಲೆ, ಎಲಿ ಅಡಿಕಿ ಚೀಲ ತೆಗೆದುಕೊಂಡು ಬಸ್ಸಿನಿಂದ ಇಳಿದಳು. ಸಗೀರಾಳ ಖಾಲಿ ಕುರ್ಚಿಯನ್ನು ಮಡಚಿ ಬದಿಗಿಟ್ಟು ಕೌದಿ ಹಾಸಿದಳು. ಸಮಿತಿ ಆಕೆಗೂ ಹಾರ ಹಾಕಿತು. ಕಾರ್ಡು ಬಂತು. 'ಯಲ್ಲವ್ವ, ತಾಯಿ. ಕೋಮಲ, ಮಗಳು.' ಮೊದಲ ದಿನ ಜೋಳದಹಾಳದ ರೇಷನ್ ಅಂಗಡಿಗೆ ಇಬ್ಬರೂ ಹೋದರು. ಅಂಗಡಿಯವ ಕಾರ್ಡು ನೋಡಿದ, ಕೋಮಲಳನ್ನು ನೋಡಿದ, ಏನೂ ಕೇಳದೆ ಅಕ್ಕಿ ತೂಗಿದ. ಯಲ್ಲವ್ವ ಒಲೆ ಹೊತ್ತಿಸಿ ಟ್ರೇಲರಿನಲ್ಲೇ ಅನ್ನ ಮಾಡಿದಳು. ಆರತಿಗೆ ಬಂದವರು ಅದು ಪ್ರಸಾದವೆಂದು ತಿಳಿದು ಒಂದೊಂದು ತುತ್ತು ಬೇಡಿದರು. ಯಲ್ಲವ್ವ ಸೌಟು ತೋರಿಸಿದಳು.

ಮುಂದಿನ ಡಿಸೆಂಬರಿನಲ್ಲಿ ಎರಡನೆಯ ಹೆಮ್ಮೆ ಉತ್ಸವದ ಕರಪತ್ರ ಹೊರಟಿತು. 'ಕಳೆದ ಸಾಲಿನ ಮೆರವಣಿಗೆ ದಾರಿಯಲ್ಲಿರುವುದರಿಂದ, ಈ ಸಾಲಿನ ಮೆರವಣಿಗೆ ಅದರ ಹಿಂದೆ ಸಾಲಾಗಿ ನಿಲ್ಲತಕ್ಕದ್ದು' ಎಂದು ಅದರಲ್ಲಿತ್ತು. ಮುದ್ದೇಬಿಹಾಳದ ಇಬ್ಬರು ಮಂಗಳಮುಖಿಯರು ಬಂದು, ಇಳಕಲ್ ಸೀರೆ ಉಟ್ಟು, ಹಿಂದಿನ ಟ್ರ್ಯಾಕ್ಟರು ಹತ್ತಿದರು.

ಆ ದಿನ ಯಾಕೋ, ಬಜಾರಿನಲ್ಲಿ ಒಂದೂ ತಟ್ಟೆ ಕಾಣಲಿಲ್ಲ. ಎಲ್ಲರೂ ಹೊಸಬರನ್ನು ನೋಡಲು ಹಿಂದಕ್ಕೆ ಓಡಿದ್ದರು. ಸಂತೆಕಟ್ಟೆಯಿಂದ ಮೈದಾನದತನಕ ದಾರಿ ಅಂಗೈಯಂತೆ ಬರಿದಾಗಿತ್ತು. ಡ್ರೈವರ್ ಶಮಶುದ್ದೀನನಿಗೆ ಒಂದು ವರ್ಷದ ಹಳೆಯ ಉತ್ಸಾಹ ಉಕ್ಕಿ ಬಂತು. ಹಾರಿ ಸೀಟಿನ ಮೇಲೆ ಕುಳಿತು ಗಾಡಿ ಚಾಲೂ ಮಾಡಿದ.

"ಕೋಮಲಕ್ಕಾ, ದಾರಿ ಖುಲ್ಲಾ ಐತಿ! ಎರಡ ನಿಮಿಷ, ಮೈದಾನ ಮುಟ್ಟಸ್ತೇನಿ!"

ಕೋಮಲ ಮೈದಾನದ ಕಡೆ ನೋಡಿದಳು. ಮೇಜು ಕಾಣುತ್ತಿತ್ತು, ಮೇಜಿನ ಹಿಂದೆ ವಿದ್ಯಾವತಿ ಕೈ ಮಾಡಿ ಬೇಡ ಬೇಡ ಎನ್ನುತ್ತಿದ್ದುದೂ ಕಾಣುತ್ತಿತ್ತು. ಕೋಮಲ ಕಾರ್ಡನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಏನು ಹೇಳಬೇಕೆಂದು ತಾಯಿಯ ಮುಖ ನೋಡಿದಳು. ಟ್ರೇಲರ್ ಗಡಗಡ ನಡುಗಿ ಒಲೆಯ ಮೇಲಿನ ಅನ್ನದ ಗಡಿಗೆ ವಾಲಿತು. ಯಲ್ಲವ್ವ ಒಂದು ಕೈಯಿಂದ ಗಡಿಗೆ ಹಿಡಿದು ಮುಂದಕ್ಕೆ ಬಾಗಿದಳು.

"ಬಂದ್ ಮಾಡೋ ತಮ್ಮಾ" ಎಂದಳು. "ಕುಂತ ಮನಿ ಯಾಕ ಅಳ್ಳಾಡಸ್ತಿ?"